ಸಂಡೇ ಸ್ಕೂಲ್‌ಗೆ ಕಿಟ್ಟೋ, ವಿಡಿಯೋನೋ, 40 ರೂಪಾಯಿ ನೋಟ್‌ಬುಕ್ಕೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನೋಟ್‌ಬುಕ್ಕಿಗೆ. ಪಾಠದ ಪುಸ್ತಕಗಳ ಕಿಟ್‌ಗೆ 5,370 ರೂಪಾಯಿ ಸುರಿದ ಮೇಲೆ ಬಂದ ಬುದ್ಧಿ ಇದು.

ನಮ್ಮದು ಧಾರವಾಡದ ಕಡೆಯ ಸಣ್ಣ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಂದರೆ ಚರ್ಚು. 24 ಮಕ್ಕಳು, ಮೂವರು ಟೀಚರ್‌ಗಳು, ಹಿಂದುಗಡೆ ಒಂದು ಕೋಣೆ. ಭಾನುವಾರ ದೊಡ್ಡವರು ಒಳಗೆ ಪ್ರಸಂಗ (ಪಾದ್ರಿಯ ಬೋಧನೆ) ಕೇಳುವ ಹೊತ್ತಿಗೆ, ಮಕ್ಕಳಿಗೆ ಬೈಬಲ್ ಕಥೆ ಹೇಳುವ ನಮ್ಮ ಕ್ಲಾಸ್. ಶಾಲೆಗಳ ಜೊತೆ ಜೂನ್‌ನಲ್ಲೇ ನಮ್ಮ ವರ್ಷವೂ ಶುರುವಾಗುತ್ತದೆ. ಮೂರು ವರ್ಷ ಮೂರು ಥರ ನಡೆಸಿ ನೋಡಿದೆವು.

ಮೊದಲ ವರ್ಷ ಇಂಗ್ಲಿಷ್‌ನ ಉಚಿತ ವಿಡಿಯೋ ಪಾಠ. ಖರ್ಚಿಲ್ಲ, ಚಿತ್ರಗಳೂ ಚಂದ. ಆದರೆ ನಮ್ಮ ಮಕ್ಕಳಲ್ಲಿ ಮುಕ್ಕಾಲು ಭಾಗ ಕನ್ನಡ ಮಾಧ್ಯಮದವರು. ನಾನು ವಿಡಿಯೋ ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳಬೇಕಿತ್ತು. ಜುಲೈ ಮಳೆಗೆ ಕರೆಂಟ್ ಹೋದರೆ ಅದೂ ಇಲ್ಲ. ಹಿಮದ ಗೊಂಬೆ ಮಾಡುವ ಕ್ರಾಫ್ಟ್ ಬಂದ ದಿನ ಅದಕ್ಕೆ ಕೈಮುಗಿದೆ.

ಎರಡನೇ ವರ್ಷ ಕಿಟ್. ಮಕ್ಕಳ ಪುಸ್ತಕ 180 ರೂಪಾಯಿಯಂತೆ 24, ಟೀಚರ್ ಪುಸ್ತಕ 350ರಂತೆ ಮೂರು. ಬಣ್ಣ ಬಣ್ಣದ ಹಾಳೆ, ಒಗಟು, ಸ್ಟಿಕ್ಕರ್, ಎಲ್ಲ ಕನ್ನಡದಲ್ಲೇ. ತೆಗೆದುಕೊಂಡ ದಿನ ಮಕ್ಕಳಿಗಿಂತ ನನಗೇ ಜಾಸ್ತಿ ಖುಷಿ.

ಕೈಕೊಟ್ಟದ್ದು ಬಾಯಿಪಾಠದ ಬೈಬಲ್ ವಾಕ್ಯ. ಕಿಟ್‌ನವರು ವಾಕ್ಯಗಳನ್ನು ಹೊಸ ಸರಳ ಭಾಷಾಂತರದಿಂದ ತೆಗೆದುಕೊಂಡಿದ್ದರು. ನಮ್ಮ ಸಭೆಯಲ್ಲಿ ಓದುವುದು ಹಳೆಯ ಸತ್ಯವೇದ, ಅಂದರೆ ಹಳೆಯ ಭಾಷಾಂತರದ ಬೈಬಲ್. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮುಂತಾದವರು ದುಡಿದು ತಂದ ಕನ್ನಡ ಬೈಬಲ್ ಪೂರ್ತಿ ಅಚ್ಚಾದದ್ದು 1831ರಲ್ಲಿ. ಅಲ್ಲಿಂದ ಇಲ್ಲಿಗೆ ಭಾಷೆ ಎಷ್ಟೋ ತಿದ್ದುಪಡಿ ಕಂಡಿದೆ, ಭಾಷಾಂತರಗಳೂ ಹಲವು ಬಂದಿವೆ. ಇದೆಲ್ಲ ನನಗೆ ಗೊತ್ತಿತ್ತು. ಪುಸ್ತಕ ಕೊಳ್ಳುವಾಗ ಮಾತ್ರ ತಲೆಗೆ ಬರಲಿಲ್ಲ.

ಮಕ್ಕಳ ಭಾನುವಾರದ ಬಾಯಿಪಾಠ ಸ್ಪರ್ಧೆಯಲ್ಲಿ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು 23ನೇ ಕೀರ್ತನೆ ಹೇಳಲು ನಿಂತಳು. ಪುಸ್ತಕದಲ್ಲಿ ಇದ್ದ ಹಾಗೇ ಶುರು ಮಾಡಿದಳು. ಮುಂದಿನ ಬೆಂಚಿನಲ್ಲಿದ್ದ ಅವಳ ಅಜ್ಜಿ ತಡೆಯಲಾರದೆ ‘ಕೊರತೆಪಡೆನು ಅನ್ನು!’ ಎಂದರು, ಗಟ್ಟಿಯಾಗಿ. ಹುಡುಗಿ ಅದನ್ನೂ ಸೇರಿಸಿ ಹೇಳಲು ಹೋದಳು. ಎರಡು ಸಾಲಿಗೆ ಎರಡೂ ಕಲಸಿಕೊಂಡವು. ನಿಂತಳು, ಅತ್ತಳು, ಇಳಿದು ಬಂದಳು. ಅಜ್ಜಿಯ ತಪ್ಪಲ್ಲ. ಮನೆಯಲ್ಲಿ ರಾತ್ರಿ ಪ್ರಾರ್ಥನೆಗೆ ಅವರು ಹೇಳಿಕೊಟ್ಟಿದ್ದು ಅದನ್ನೇ. ತೀರ್ಪುಗಾರರ ಕೈಯಲ್ಲಿದ್ದ ಪುಸ್ತಕವೂ ಅದೇ.

ನಾನೇನು ಮಾಡಿದೆ ಗೊತ್ತಾ? ಶನಿವಾರ ರಾತ್ರಿ ಕೂತು ಹಳೆಯ ವಾಕ್ಯಗಳನ್ನು ಬಿಳಿ ಚೀಟಿಯ ಮೇಲೆ ಬರೆದು 24 ಪುಸ್ತಕಕ್ಕೂ ಅಂಟಿಸಿದೆ. ನಾಲ್ಕು ಶನಿವಾರ ಹೀಗೇ ಹೋಯಿತು. ಐದನೆಯದಕ್ಕೆ ಮನೆಯವರು ಗೋಂದಿನ ಬಾಟಲಿಯನ್ನೇ ಬಚ್ಚಿಟ್ಟರು. ನಿಜ ಹೇಳಬೇಕೆಂದರೆ ಮಕ್ಕಳಿಗೆ ಅರ್ಥವಾಗುವುದು ಹೊಸದೇ. ‘ಕೊರತೆಪಡೆನು’ ಎಂದರೆ ಏನೂ ಕಡಿಮೆಯಾಗದು ಅಂತ ನನಗೇ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಆದರೂ ಅಜ್ಜಿ ಮತ್ತು ಮೊಮ್ಮಗಳು ಒಟ್ಟಿಗೆ ಹೇಳಲಾಗದ ವಾಕ್ಯ ನನಗೆ ಬೇಡ.

ಇನ್ನೊಂದು ತೊಡಕು ಲೆಕ್ಕದ್ದು. ಕಿಟ್‌ನಲ್ಲಿ 52 ಪಾಠ, ಜನವರಿಯಿಂದ ಎಣಿಸಿದ್ದು. ನಮ್ಮ ಹಾಜರಿ ಪುಸ್ತಕ ನೋಡಿದರೆ ಆ ವರ್ಷ ನಿಜವಾಗಿ ಕ್ಲಾಸ್ ನಡೆದದ್ದು 31 ಭಾನುವಾರ. ದಸರಾ ರಜೆಗೆ ಅರ್ಧ ಮಕ್ಕಳು ಊರಿಗೆ. ಡಿಸೆಂಬರ್ ಪೂರ್ತಿ ಕ್ರಿಸ್ಮಸ್ ನಾಟಕದ ತಯಾರಿ. ಒಂದನೇ ಪಾಠದಿಂದ ಹೊರಟ ನಾವು ಈಸ್ಟರ್ ಪಾಠ ಮುಗಿಸಿದ್ದು ಸೆಪ್ಟೆಂಬರ್‌ನಲ್ಲಿ. ಯೇಸು ಹುಟ್ಟುವ ಪಾಠ ತಲುಪಲೇ ಇಲ್ಲ.

ಹೋದ ವರ್ಷ ನೋಟ್‌ಬುಕ್. ಹಾಜರಿ ನೋಡಿ 32 ಸಾಲು ಎಳೆದೆ, ಅಷ್ಟೇ. ಸಿ.ಎಸ್.ಐ. ಪಂಚಾಂಗದಲ್ಲಿ ಪ್ರತಿ ಭಾನುವಾರಕ್ಕೂ ಒಂದು ವಿಷಯ, ಓದಬೇಕಾದ ಭಾಗಗಳು ಇರುತ್ತವೆ. ಅದರಿಂದಲೇ ಒಂದೊಂದು ಕಥೆ ಆರಿಸಿದೆ. ಅಯ್ಯನವರು (ಪಾದ್ರಿ) ಒಳಗೆ ಹೇಳುವುದೂ ಅದನ್ನೇ, ಹಿಂದಿನ ಕೋಣೆಯಲ್ಲಿ ನಾವು ಹೇಳುವುದೂ ಅದನ್ನೇ. ಮನೆಯಲ್ಲಿ ಊಟಕ್ಕೆ ಕೂತಾಗ ಒಂದು ಮಗು ದೊಡ್ಡವರನ್ನು ‘ನಿಮಗೂ ಜಕ್ಕಾಯನ ಕಥೆನಾ?’ ಎಂದು ಕೇಳಿತಂತೆ. ವಾಕ್ಯ ಹಳೆಯ ಸತ್ಯವೇದದ್ದು, ತಿಂಗಳಿಗೆ ಒಂದೇ. ಅರ್ಥ ಆಡುಮಾತಿನಲ್ಲಿ ನಾನೇ ಹೇಳುತ್ತೇನೆ. ಚಿತ್ರಕ್ಕೆ ಎರಡು ಮೀಟರ್ ಫ್ಲಾನೆಲ್ ಬಟ್ಟೆ, ಕತ್ತರಿಸಿದ ಗೊಂಬೆಗಳು. ಎಲ್ಲ ಸೇರಿ 900 ರೂಪಾಯಿ ದಾಟಲಿಲ್ಲ.

ಇದಕ್ಕೆ ಶನಿವಾರ ಸಂಜೆ ಒಂದು ಗಂಟೆ ಬೇಕು. ನನಗೆ ಹೇಗೂ ಬರೆದಿಟ್ಟುಕೊಳ್ಳುವ ಚಟ, ಆದ್ದರಿಂದ ಭಾರ ಅನ್ನಿಸಲಿಲ್ಲ. ನಿಮ್ಮಲ್ಲಿ ವಾರಕ್ಕೊಬ್ಬ ಟೀಚರ್ ಬದಲಾಗುತ್ತಾರೆ ಅಂದರೆ ಕಿಟ್ಟೇ ಸರಿ, ಆದರೆ ಕೊಳ್ಳುವ ಮೊದಲು ವಾಕ್ಯ ಯಾವ ಭಾಷಾಂತರದ್ದು ನೋಡಿ. ಬೇಸಿಗೆಯ ಹತ್ತು ದಿನದ ವಿ.ಬಿ.ಎಸ್.ಗೆ (ರಜೆಯ ಬೈಬಲ್ ಶಾಲೆಗೆ) ನಾನೂ ಕಿಟ್ಟನ್ನೇ ತರುತ್ತೇನೆ.

ಉಳಿದ ಹಳೇ ಪುಸ್ತಕಗಳು ಈಗ ಅಂಗನವಾಡಿ ವಯಸ್ಸಿನ ಪುಟಾಣಿಗಳ ಕೈಯಲ್ಲಿವೆ. ಮೀನಿನ ಹೊಟ್ಟೆಯಲ್ಲಿ ಕೂತ ಯೋನನಿಗೆ ಹಸಿರು ಬಣ್ಣ ಬಳಿದಿದ್ದಾರೆ. ನಾನು ಅಂಟಿಸಿದ ಚೀಟಿಗಳನ್ನು ಕಿತ್ತು ತಿನ್ನಲೂ ನೋಡಿದರು.