ಎಂಟು ಅಕ್ಷರದ ಹೆಸರು, ನೂರೆಂಟು ತಾಪತ್ರಯ: ಐಬಿಎಂ ಕಮ್ಯುನಿಕೇಷನ್ಸ್ ಸರ್ವರ್‌ನಲ್ಲಿ ಲೋಕಲ್ ಎಲ್‌ಯು

ಕಂಪ್ಯೂಟರುಗಳು ಪರಸ್ಪರ ಮಾತಾಡುವ ತನ್ನ ಜಾಲ ವಿಧಾನ ಎಸ್‌ಎನ್‌ಎಯನ್ನು ಐಬಿಎಂ ಪ್ರಕಟಿಸಿದ್ದು 1974ರಲ್ಲಿ. ಟಿಸಿಪಿ-ಐಪಿ ಎಲ್ಲೆಡೆ ಹಬ್ಬಿದ ಮೇಲೂ ಬ್ಯಾಂಕು, ವಿಮೆಯ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರುಗಳ ಒಳಗೆ ಅದಿನ್ನೂ ಉಸಿರಾಡುತ್ತಿದೆ. ಹುಣಸೆ ಮರಕ್ಕೆ ಮುಪ್ಪು ಬಂದರೂ ಹುಳಿಗೆ ಮುಪ್ಪಿಲ್ಲ. ಮಾನ್ಯತಾ ಟೆಕ್ ಪಾರ್ಕಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕೂತು ಸಾಗರದಾಚೆಯ ಹೋಸ್ಟ್ (ಅಂದರೆ ಆ ಮೇನ್‌ಫ್ರೇಮ್) ನೋಡಿಕೊಳ್ಳುವ ತಂಡಗಳಿಗೆ ಇದು ಹೊಸ ಮಾತೇನಲ್ಲ. ಲಿನಕ್ಸ್ ಮೇಲಿನ ಅಪ್ಲಿಕೇಶನ್ ಒಂದು ಮೇನ್‌ಫ್ರೇಮ್‌ನಲ್ಲಿ ವಹಿವಾಟು ನಡೆಸುವ ಸಿಐಸಿಎಸ್ ಜೊತೆ, ಎಸ್‌ಎನ್‌ಎಯ ಭಾಷೆಯಾದ ಎಪಿಪಿಸಿಯಲ್ಲೇ ಮಾತಾಡಬೇಕು ಅಂದಾಗ ನಡುವೆ ಕೂರುವುದು ಲಿನಕ್ಸ್‌ನ ಐಬಿಎಂ ಕಮ್ಯುನಿಕೇಷನ್ಸ್ ಸರ್ವರ್. ಈ ವಿಮರ್ಶೆ ಇಡೀ ಉತ್ಪನ್ನದ್ದಲ್ಲ. ಅದರೊಳಗೆ ಎಲ್ಲರೂ ಒಮ್ಮೆ ಎಡವುವ ಲೋಕಲ್ ಎಲ್‌ಯು ಭಾಗದ್ದು. ಎಲ್‌ಯು (ಲಾಜಿಕಲ್ ಯೂನಿಟ್) ಅಂದರೆ ಅಪ್ಲಿಕೇಶನ್ ಎಸ್‌ಎನ್‌ಎ ಜಾಲಕ್ಕೆ ಇಳಿಯುವ ಬಾಗಿಲು, ಲೋಕಲ್ ಅಂದರೆ ನಮ್ಮ ಕಡೆಯದು; ಎರಡು ಎಲ್‌ಯುಗಳ ನಡುವಿನ ಸಂಪರ್ಕವೇ ಸೆಷನ್.

ಅಂಕ ಕೇಳುವವರಿಗೆ: ಐದಕ್ಕೆ ಮೂರೂವರೆ. ಕೆಲಸ ಗಟ್ಟಿ, ಆದೇಶಗಳು ಅಚ್ಚುಕಟ್ಟು. ಒಂದೂವರೆ ಕಳೆದದ್ದು ಯಾಕೆಂದರೆ, ಒಂದು ಎಲ್‌ಯು ಬರೆದು ಮುಗಿಸಲು ಐದು ನಿಮಿಷ ಸಾಕು, ಆದರೆ ಅದು ಹೋಸ್ಟ್ ಕಡೆಯ ಬರಹಕ್ಕೆ ಹೊಂದುತ್ತದೋ ಇಲ್ಲವೋ ಎಂಬ ಸುಳಿವನ್ನು ಈ ತಂತ್ರಾಂಶ ಸೆಷನ್ ಬಿದ್ದ ಮೇಲೇ ಕೊಡುವುದು.

ಮೊದಲ ಗೊಂದಲ ಹೆಸರಿನದೇ. ಇಲ್ಲಿ ಲೋಕಲ್ ಎಲ್‌ಯು ಅಂದರೆ 6.2 ಜಾತಿಯದು ಮಾತ್ರ, ಅಂದರೆ ಪ್ರೋಗ್ರಾಮಿನೊಂದಿಗೆ ಪ್ರೋಗ್ರಾಂ ಮಾತಾಡಲು. 3270 ಎಂಬ ಮೇನ್‌ಫ್ರೇಮ್ ಟರ್ಮಿನಲ್‌ನ ಹಸಿರು ಪರದೆ 2ನೇ ಜಾತಿ, ಮುದ್ರಕ 1 ಅಥವಾ 3ನೇ ಜಾತಿ. ಅವನ್ನು '0 ರಿಂದ 3' ಎಂಬ ಬೇರೆಯೇ ವಿಭಾಗದಲ್ಲಿ ಬರೆಯಬೇಕು. ಹೊಸಬರು ಪರದೆಗೆಂದು ಲೋಕಲ್ ಎಲ್‌ಯು ಬರೆದು ಕಾಯುತ್ತಾರೆ, ಪರದೆ ಬರುವುದಿಲ್ಲ. ಇನ್ನೊಂದು ವಿಷಯ: ನೋಡ್ (ಜಾಲದಲ್ಲಿ ನಮ್ಮ ಯಂತ್ರ) ಎದ್ದಾಗ ಅದರ ಕಂಟ್ರೋಲ್ ಪಾಯಿಂಟ್ (ನೋಡ್ ನಿಯಂತ್ರಿಸುವ ಭಾಗ) ತಾನೇ ಒಂದು ಎಲ್‌ಯು ಆಗಿ ನಿಲ್ಲುತ್ತದೆ. ಅಪ್ಲಿಕೇಶನ್ ಒಂದೇ ಇದ್ದು ಹೋಸ್ಟ್‌ನವರು ಬೇರೆ ಹೆಸರು ಕೇಳದಿದ್ದರೆ ಅದನ್ನೇ ಬಳಸಬಹುದು, ಲೋಕಲ್ ಎಲ್‌ಯು ಬರೆಯುವ ಗೋಜೇ ಬೇಡ. ಆದರೆ ಪರೀಕ್ಷೆಗೊಂದು, ಉತ್ಪಾದನೆಗೊಂದು ಅಂತ ಸಿಐಸಿಎಸ್ ಸಂಪರ್ಕ ಬೇರೆ ಬೇರೆ ಇದ್ದರೆ ಹೆಸರೂ ಬೇರೆ ಇರಲೇಬೇಕು.

ಹೆಸರಿನ ಮಿತಿ ಎಂಟು ಅಕ್ಷರ. ದೊಡ್ಡಕ್ಷರ, ಅಂಕಿ, ಜೊತೆಗೆ ಡಾಲರ್, ಆಟ್, ಹ್ಯಾಶ್ ಗುರುತು, ಅಂಕಿಯಿಂದ ಶುರುವಾಗಬಾರದು. ನಮ್ಮೂರಿನ ಹೆಸರು ಇಂಗ್ಲಿಷಿನಲ್ಲಿ ಹಳೆಯದಾದರೂ ಹೊಸದಾದರೂ ಒಂಬತ್ತೇ ಅಕ್ಷರ, ಈ ಚೌಕಕ್ಕೆ ಹಿಡಿಸದು. ಹಾಗಾಗಿ ವಿಮಾನ ನಿಲ್ದಾಣದ ಸಂಕೇತ ಮುಂದಿಟ್ಟು 'ಬಿಎಲ್‌ಆರ್‌ಸಿಐಸಿ01' ಎಂಬಂತೆ ಬರೆಯುವುದು ಒಳ್ಳೆಯ ರೂಢಿ. ಇದರ ಮುಂದೆ ಜಾಲದ ಹೆಸರು, ಅದಕ್ಕೂ ಎಂಟೇ ಅಕ್ಷರ; ನಡುವೆ ಚುಕ್ಕಿ. ಅಲಿಯಾಸ್ ಎಂಬುದು ಬೇರೆ. ಅದು ನಮ್ಮ ಯಂತ್ರದೊಳಗಿನ ಅಡ್ಡಹೆಸರು, ಹೋಸ್ಟ್‌ಗೆ ಅದರ ಸುದ್ದಿಯೇ ಇಲ್ಲ. ಅಪ್ಲಿಕೇಶನ್ ಹುಡುಕುವುದು ಅಲಿಯಾಸನ್ನು, ಹೋಸ್ಟ್ ನೋಡುವುದು ಹೆಸರನ್ನು. ಅಲಿಯಾಸಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ಎರಡನ್ನೂ ಒಂದೇ ರೀತಿ, ಪೂರಾ ದೊಡ್ಡಕ್ಷರದಲ್ಲಿ ಇಟ್ಟುಬಿಡಿ. ಮುಂದೆ ನಿಮ್ಮ ಜಾಗಕ್ಕೆ ಬರುವವರು ಹರಸುತ್ತಾರೆ.

ಆಮೇಲೆ ಬರುವುದು ಸ್ವತಂತ್ರವೋ ಅವಲಂಬಿತವೋ ಎಂಬ ಪ್ರಶ್ನೆ. ಎನ್‌ಎಯು ಸಂಖ್ಯೆ (ಎಲ್‌ಯುವಿನ ವಿಳಾಸ) 0 ಕೊಟ್ಟರೆ ಸ್ವತಂತ್ರ: ಹೋಸ್ಟ್‌ನ ಜಾಲ ತಂತ್ರಾಂಶವಾದ ವಿಟ್ಯಾಮ್‌ನ ಅಪ್ಪಣೆಗೆ ಕಾಯದೆ ತಾನೇ ಬೈಂಡ್ (ಸೆಷನ್ ಶುರು ಮಾಡುವ ಕೋರಿಕೆ) ಕಳಿಸಬಲ್ಲದು, ಏಕಕಾಲಕ್ಕೆ ಹಲವು ಸೆಷನ್ ಇಟ್ಟುಕೊಳ್ಳಬಲ್ಲದು. 0 ಅಲ್ಲದ ಸಂಖ್ಯೆ ಕೊಟ್ಟರೆ ಅವಲಂಬಿತ: ವಿಟ್ಯಾಮ್ ಎಬ್ಬಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ, ಸೆಷನ್ ಒಂದೇ, ಯಾವ ಪಿಯು (ಎಲ್‌ಯುಗಳನ್ನು ಹೊತ್ತ ಫಿಸಿಕಲ್ ಯೂನಿಟ್) ಕೆಳಗೆ ಅನ್ನುವುದನ್ನೂ ಹೇಳಬೇಕು. ಸಂಖ್ಯೆ, ಹೋಸ್ಟ್‌ನಲ್ಲಿ ಅದೇ ಎಲ್‌ಯುಗೆ ಬರೆದ ಲೋಕ್‌ಅಡರ್ ಸಂಖ್ಯೆಗೆ ಸರಿಯಾಗಿ ಕೂರಬೇಕು. ಹಳೆಯ ಹಾಳೆಯಲ್ಲಿ ಯಾರಾದರೂ ಹೆಕ್ಸ್‌ನಲ್ಲಿ 10 ಅಂತ ಬರೆದಿಟ್ಟಿದ್ದರೆ ಅದು ದಶಮಾನದ 16. ಹಾಗೇ ನಕಲು ಮಾಡಿದರೆ ಪಕ್ಕದ ಎಲ್‌ಯುವಿನ ಮನೆಗೆ ನುಗ್ಗಿದಂತೆ. ಹೊಸ ಕೆಲಸಕ್ಕೆ ಅವಲಂಬಿತ 6.2 ಆರಿಸಲು ಕಾರಣವೇ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಹಳೆಯ ಅಪ್ಲಿಕೇಶನ್ ಹಟ ಹಿಡಿದರೆ ಮಾತ್ರ ಇರಲಿ.

ಸೆಷನ್ ಮಿತಿ 0 ಅಂದರೆ ಮಿತಿಯಿಲ್ಲ. ಸೊನ್ನೆ ಸೆಷನ್ ಅಂತ ಗಾಬರಿಯಾಗಬೇಡಿ. ಸಿಂಕ್‌ಪಾಯಿಂಟ್ ಬೆಂಬಲವನ್ನು 'ಇಲ್ಲ' ಎಂದೇ ಬಿಡಿ. 'ಹೌದು' ಅಂದರೆ ತಂತ್ರಾಂಶ ತಾನೇ ಎರಡು ಹಂತದ ಕಮಿಟ್ (ಎರಡೂ ಕಡೆಯ ವಹಿವಾಟನ್ನು ಒಟ್ಟಿಗೆ ಖಾಯಂ ಮಾಡುವುದು) ಮಾಡಿಕೊಡುತ್ತದೆ ಅಂತ ಹಲವರು ತಿಳಿಯುತ್ತಾರೆ. ಹಾಗಲ್ಲ, ಅದಕ್ಕೆ ಪ್ರತ್ಯೇಕ ಸಿಂಕ್‌ಪಾಯಿಂಟ್ ಮ್ಯಾನೇಜರ್ ಮೇಲೆ ಕೂತಿರಬೇಕು.

ಎಲ್‌ಯು ಒಂಟಿಯಾಗಿ ಏನೂ ಮಾಡದು. ನೋಡ್, ಪೋರ್ಟ್, ಲಿಂಕ್ ಸ್ಟೇಷನ್, ಲೋಕಲ್ ಎಲ್‌ಯು, ಪಾರ್ಟ್ನರ್ ಎಲ್‌ಯು (ಆ ಕಡೆಯದು), ಮೋಡ್ (ಸೆಷನ್ ನಿಯಮಗಳ ಗುಂಪು), ಕೊನೆಗೆ ಸಿಪಿಐಸಿ ಎಂಬ ಪ್ರೋಗ್ರಾಮಿಂಗ್ ವಿಧಾನ ಬಳಸುವುದಾದರೆ ಸೈಡ್ ಇನ್ಫಾರ್ಮೇಶನ್ — ಈ ಸಾಲಿನಲ್ಲೇ ಹೋದರೆ ಹಿಂದೆ ಮುಂದೆ ಓಡಾಡುವ ಕೆಲಸ ತಪ್ಪುತ್ತದೆ. ಲಿಂಕ್ ಹಂತದಲ್ಲಿ ನೋಡ್ ಐಡಿ ಮುಖ್ಯ: ಎಂಟು ಹೆಕ್ಸ್ ಅಂಕಿ, ಮೊದಲ ಮೂರು ಐಡಿಬ್ಲಾಕ್, ಉಳಿದ ಐದು ಐಡಿನಂಬರ್. ಪರೀಕ್ಷಾ ಯಂತ್ರದ ಕ್ಲೋನ್ ಮಾಡಿ ಹೊಸ ಯಂತ್ರ ಎಬ್ಬಿಸಿದಾಗ ಇದೂ, ಕಂಟ್ರೋಲ್ ಪಾಯಿಂಟ್ ಹೆಸರೂ ನಕಲಾಗಿ ಬರುತ್ತವೆ. ಆಗ ಮೊದಲು ಬಂದವನಿಗೆ ಜಾಗ, ಎರಡನೆಯವನಿಗೆ ಬಾಗಿಲು. ಕ್ಲೋನ್ ಮಾಡಿದ ತಕ್ಷಣ ಎರಡನ್ನೂ ಬದಲಿಸಿ.

ಬೆಂಗಳೂರಿನಿಂದ ದೂರದ ಹೋಸ್ಟ್‌ಗೆ ಹೋಗುವಾಗ ಎಲ್‌ಎಲ್‌ಸಿ2 ಸೇತುವೆಯ ಆಸೆ ಬಿಡಿ. ಸ್ಥಳೀಯ ಜಾಲಕ್ಕೆಂದು ಇಟ್ಟ ಟೈಮರ್‌ಗಳು ಅಷ್ಟು ದೂರದ ವಿಳಂಬ ತಾಳುವುದಿಲ್ಲ. ದಾರಿ ಎಂಟರ್‌ಪ್ರೈಸ್ ಎಕ್ಸ್‌ಟೆಂಡರ್: ಎಸ್‌ಎನ್‌ಎಯನ್ನು ಐಪಿ ಜಾಲದ ಯುಡಿಪಿ ಮೇಲೆ ಹೊತ್ತೊಯ್ಯುವುದು. ಈ ಉತ್ಪನ್ನದಲ್ಲಿ ಅದು ಬರೀ ಐಪಿ ಪೋರ್ಟ್, ಐಪಿ ಲಿಂಕ್ ಸ್ಟೇಷನ್ ಬರೆಯುವಷ್ಟು ಸುಲಭ. ಇಲ್ಲಿ ಪೂರ್ತಿ ಅಂಕ. ಆದರೆ ಫೈರ್‌ವಾಲ್‌ನವರಿಗೆ ಅರ್ಜಿ ಬರೆಯುವಾಗ ಐದು ಪೋರ್ಟ್‌ಗಳನ್ನೂ ಬರೆಯಿರಿ, 12000ದಿಂದ 12004ರ ತನಕ, ಎರಡೂ ದಿಕ್ಕಿಗೆ. 12000 ಲಿಂಕ್‌ನ ಕುಶಲೋಪರಿಗೆ. 12001 ಜಾಲದ ನಿಯಂತ್ರಣಕ್ಕೆ. 12002, 12003, 12004 ಕ್ರಮವಾಗಿ ಹೆಚ್ಚು, ಮಧ್ಯಮ, ಕಡಿಮೆ ಆದ್ಯತೆಯ ಸಂಚಾರಕ್ಕೆ. 12000 ಒಂದೇ ತೆರೆದರೆ ಲಿಂಕ್ 'ಸಕ್ರಿಯ' ಅನ್ನುತ್ತದೆ, ಸೆಷನ್ ಮಾತ್ರ ಏಳುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಈ ಸ್ಥಿತಿಯಲ್ಲಿ ಜನ ಎಲ್‌ಯುವನ್ನು ಅಳಿಸಿ ಬರೆದು, ಬರೆದು ಅಳಿಸಿ ರಾತ್ರಿ ಕಳೆಯುತ್ತಾರೆ. ದೋಷ ಎಲ್‌ಯುವಿನಲ್ಲಿ ಇರುವುದೇ ಇಲ್ಲ. ಪೋರ್ಟ್ ಸಂಖ್ಯೆಯನ್ನೇ ಬದಲಿಸುವ ಜಾಲಾನುವಾದ (ಎನ್‌ಎಟಿ) ನಡುವೆ ಇದ್ದರೂ ಇದೇ ಗತಿ. ಅವಲಂಬಿತ ಎಲ್‌ಯುಗಳಿಗೆ ಈ ದಾರಿಯಲ್ಲಿ ಇನ್ನೊಂದು ಮೆಟ್ಟಿಲಿದೆ: ಡಿಎಲ್‌ಯುಆರ್ (ಅವಲಂಬಿತ ಎಲ್‌ಯು ಸೇವೆ ಕೋರುವ ಕಡೆ) ಪಿಯು ಬರೆದು, ಹೋಸ್ಟ್‌ನ ಡಿಎಲ್‌ಯುಎಸ್ (ಆ ಸೇವೆ ಕೊಡುವ ಕಡೆ) ಯಾರು ಎಂದು ಹೇಳಬೇಕು.

ಹೋಸ್ಟ್ ಕಡೆ ಏನು ಹೊಂದಬೇಕು ಅನ್ನುವುದನ್ನು ಈ ಉತ್ಪನ್ನದ ಪರದೆ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಸಿಐಸಿಎಸ್‌ನ ಕನೆಕ್ಷನ್ ವಿವರಣೆಯಲ್ಲಿ ನೆಟ್‌ನೇಮ್ ಎಂಬ ಜಾಗವಿದೆ; ಅಲ್ಲಿರುವುದು ನಮ್ಮ ಲೋಕಲ್ ಎಲ್‌ಯು ಹೆಸರೇ ಆಗಿರಬೇಕು, ಅಲಿಯಾಸ್ ಅಲ್ಲ. ಸೆಷನ್ಸ್ ವಿವರಣೆಯಲ್ಲಿ ಮೋಡ್ ಹೆಸರು ಮತ್ತು ಮ್ಯಾಕ್ಸಿಮಮ್ ಎಂಬ ಎರಡು ಸಂಖ್ಯೆ. 8, 4 ಅಂತ ಇದ್ದರೆ ಒಟ್ಟು ಎಂಟು ಸೆಷನ್, ಅದರಲ್ಲಿ ನಾಲ್ಕರ ಮೇಲೆ ಸಿಐಸಿಎಸ್‌ಗೆ ಮೊದಲ ಹಕ್ಕು. ಉಳಿದ ನಾಲ್ಕು ನಮಗೆ. 8, 8 ಅಂತ ಇದ್ದರೆ ಎಲ್ಲವೂ ಅವರದೇ. ನಮ್ಮ ಅಪ್ಲಿಕೇಶನ್ ಪ್ರತಿ ಸಲ ಮಾತು ಶುರು ಮಾಡಲು ಅನುಮತಿ ಬೇಡಬೇಕು. ಕೆಲಸ ನಿಲ್ಲುವುದಿಲ್ಲ, ನಿಧಾನವಾಗುತ್ತದೆ, ಮತ್ತು ಯಾಕೆಂದು ಯಾವ ದಾಖಲೆಯಲ್ಲೂ ಬರುವುದಿಲ್ಲ. ಲಿನಕ್ಸ್ ಕಡೆಯ ಮೋಡ್‌ನಲ್ಲಿ 20 ಬರೆದು ಅಲ್ಲಿ 8 ಇದ್ದರೆ ಮಾತುಕತೆಯಲ್ಲಿ ಇಳಿದು 8ಕ್ಕೇ ನಿಲ್ಲುತ್ತದೆ. ಮೋಡ್ ಹೆಸರು ಮೂರು ಕಡೆ ಒಂದೇ ಇರಬೇಕು: ಲಿನಕ್ಸ್, ಸಿಐಸಿಎಸ್, ವಿಟ್ಯಾಮ್‌ನ ಮೋಡ್ ಪಟ್ಟಿ. ಒಂದು ಕಡೆ 'ಹ್ಯಾಶ್ ಇಂಟರ್' ಎಂಬ ಸಿದ್ಧ ಮೋಡ್ ಹೆಸರು, ಇನ್ನೊಂದು ಕಡೆ ಮನೆಯಲ್ಲೇ ಇಟ್ಟ ಹೆಸರು ಅಂತಾದರೆ ಎತ್ತು ಏರಿಗೆ, ಕೋಣ ನೀರಿಗೆ.

ದಾರಿ ಪರೀಕ್ಷಿಸುವ ಏಪಿಂಗ್ ಆದೇಶದ ಬಗ್ಗೆ ಎಚ್ಚರ. ಹೋಸ್ಟ್‌ನ ಕಂಟ್ರೋಲ್ ಪಾಯಿಂಟ್‌ಗೆ ಏಪಿಂಗ್ ಉತ್ತರ ಬಂದರೆ ದಾರಿ ಸರಿಯಿದೆ ಅಂತಷ್ಟೇ ಅರ್ಥ, ಸಿಐಸಿಎಸ್ ಬಾಗಿಲು ತೆರೆದಿದೆ ಅಂತಲ್ಲ. ಅದಕ್ಕೆ ಅಲ್ಲಿನವರು ಸಿಐಸಿಎಸ್‌ನ ಸಿಇಎಂಟಿ ಆದೇಶದಲ್ಲಿ ಕನೆಕ್ಷನ್ ನೋಡಿ 'ಅಕ್ವೈರ್ಡ್' ಇದೆಯೋ 'ರಿಲೀಸ್ಡ್' ಇದೆಯೋ ಹೇಳಬೇಕು. ವಿಟ್ಯಾಮ್ ಡಿಸ್‌ಪ್ಲೇಯಲ್ಲಿ ಸಿಎನ್‌ಆರ್ ಎಂದು ಶುರುವಾಗುವ ಪಿಯು ಕಂಡರೆ ಆರ್‌ಟಿಪಿ ಕೊಳವೆ (ಸೆಷನ್‌ಗಳ ಸಂಚಾರ ಹರಿಯುವ ದಾರಿ) ಎದ್ದಿದೆ ಎಂದರ್ಥ, ಫೈರ್‌ವಾಲ್ ಮೇಲಿನ ಅನುಮಾನ ಅರ್ಧ ಬಿಡಬಹುದು.

ಸೆಷನ್ ಬಿದ್ದಾಗ ಸಿಗುವುದು ಸೆನ್ಸ್ ಕೋಡ್, ಅಂದರೆ ಕಾರಣ ಹೇಳುವ ಸಂಕೇತ ಸಂಖ್ಯೆ. ಪದೇ ಪದೇ ಕಾಣುವವು ಇಷ್ಟೇ. 0857 ಬಂದರೆ ವಿಟ್ಯಾಮ್ ಆ ಎಲ್‌ಯುವನ್ನು ಎಬ್ಬಿಸಿಲ್ಲ. ಅವಲಂಬಿತ ಎಲ್‌ಯುವಿನ ಕಾಯಿಲೆ ಇದು. 0805 ಅಂದರೆ ಸೆಷನ್ ಮಿತಿ ತುಂಬಿದೆ. 0821 ಅಂದರೆ ಸೆಷನ್‌ನ ನಿಯತಾಂಕ ಹೊಂದಲಿಲ್ಲ, ಮೊದಲು ಮೋಡ್ ನೋಡಿ. 10086021 ಬಂದರೆ ಒಂದು ರೀತಿ ಶುಭಸೂಚನೆ: ಎಲ್‌ಯು, ಮೋಡ್, ಸೆಷನ್ ಎಲ್ಲ ಸರಿ, ಆ ಕಡೆ ಟ್ರಾನ್ಸಾಕ್ಷನ್ ಪ್ರೋಗ್ರಾಮಿನ ಹೆಸರು ಮಾತ್ರ ಗುರುತು ಸಿಗಲಿಲ್ಲ. 080ಎಫ್6051 ಬಂದರೆ ಬಳಕೆದಾರ ಹೆಸರು, ಗುಪ್ತಪದದ ತಕರಾರು; ಅದಕ್ಕೆ ಜಾಲದವರನ್ನು ಎಬ್ಬಿಸಬೇಡಿ. ದೋಷ ದಾಖಲೆಯಲ್ಲಿ ಮೊದಲಿಗೆ ಬರುವುದು ಚುಟುಕು ಸಾಲು ಮಾತ್ರ, ಆದರೆ ಸಂದೇಶದ ಸಂಖ್ಯೆಯನ್ನು ಸ್ನಾಹೆಲ್ಪ್ ಆದೇಶಕ್ಕೆ ಕೊಟ್ಟರೆ ಕಾರಣವನ್ನೂ ಮಾಡಬೇಕಾದ್ದನ್ನೂ ಬಿಡಿಸಿ ಹೇಳುತ್ತದೆ. ಈ ಒಂದು ಸೌಲಭ್ಯ ಗೊತ್ತಿಲ್ಲದೆ ವರ್ಷಗಟ್ಟಲೆ ಗೂಗಲ್ ಮಾಡುವವರಿದ್ದಾರೆ.

ಚಿತ್ರಪರದೆಯ ಎಕ್ಸ್‌ಸ್ನಾಅಡ್ಮಿನ್ ಹಳೆಯ ಮೋಟಿಫ್ ಕಾಲದ್ದು, ಎಕ್ಸ್ ಡಿಸ್‌ಪ್ಲೇ ಬೇಕು. ಜಂಪ್ ಸರ್ವರ್ ದಾಟಿ ಅದನ್ನು ಮನೆಯಿಂದ ತೆರೆಯುವುದು ತಾಳ್ಮೆಯ ಪರೀಕ್ಷೆ. ಕಲಿಯಲು ಅದು ಒಳ್ಳೆಯದು, ಯಾವುದರ ಕೆಳಗೆ ಯಾವುದು ಅಂತ ಕಣ್ಣಿಗೆ ಕಾಣುತ್ತದೆ. ದಿನದ ಕೆಲಸಕ್ಕೆ ಸ್ನಾಅಡ್ಮಿನ್ ಆದೇಶವೇ ಸರಿ. ಡಿಫೈನ್ ಲೋಕಲ್ ಎಲ್‌ಯು, ಕ್ವೆರಿ ಲೋಕಲ್ ಎಲ್‌ಯು, ಕ್ವೆರಿ ಸೆಷನ್ ಈ ಮೂರನ್ನು ಶೆಲ್ ಸ್ಕ್ರಿಪ್ಟಿನಲ್ಲಿ ಇಟ್ಟುಕೊಂಡರೆ ಹತ್ತು ಎಲ್‌ಯುಗಳ ಕೆಲಸ ಒಂದು ಕಾಫಿ ಮುಗಿಯುವಷ್ಟರಲ್ಲಿ ಮುಗಿಯುತ್ತದೆ. ಸಂರಚನೆಯ ಕಡತ ಓದಬಲ್ಲ ಪಠ್ಯವೇ ಆಗಿರುವುದು ದೊಡ್ಡ ಗುಣ. ಆದರೆ ತಂತ್ರಾಂಶ ಓಡುತ್ತಿರುವಾಗ ಅದಕ್ಕೆ ಕೈಹಾಕಬೇಡಿ. ಕರ್ನಲ್ ನವೀಕರಣದ ದಿನವೂ ಹುಷಾರಾಗಿರಿ: ಈ ತಂತ್ರಾಂಶಕ್ಕೆ ಕರ್ನಲ್ ಒಳಗೆ ತನ್ನದೇ ಮಾಡ್ಯೂಲ್ ಬೇಕು. ಲಿನಕ್ಸ್ ತಂಡ ಎಂದಿನಂತೆ ಪ್ಯಾಚ್ ಹಾಕಿ ಯಂತ್ರ ಮತ್ತೆ ಎಬ್ಬಿಸಿದರೆ ಎಸ್‌ಎನ್‌ಎ ಏಳದೆ ಕೂರಬಹುದು. ಹೊಸ ಕರ್ನಲ್‌ನ ಡೆವೆಲ್ ಪ್ಯಾಕೇಜ್ ಮೊದಲೇ ಹಾಕಿಸಿಡಿ.

ಮೈಕ್ರೋಸಾಫ್ಟ್‌ನ ಹೋಸ್ಟ್ ಇಂಟಿಗ್ರೇಶನ್ ಸರ್ವರ್ ಜೊತೆ ಹೋಲಿಸಿದರೆ, ಅಲ್ಲಿ ಲೋಕಲ್ ಎಪಿಪಿಸಿ ಎಲ್‌ಯು ಬರೆಯುವಾಗಲೇ ಡಿಫಾಲ್ಟ್ ಪೂಲ್, ಗೊತ್ತಿಲ್ಲದ ಪಾರ್ಟ್ನರ್ ಬಂದರೆ ಯಾವ ರಿಮೋಟ್ ಎಲ್‌ಯು, ಯಾವ ಮೋಡ್ ಅಂತೆಲ್ಲ ಒಂದೇ ಕಡೆ ಆರಿಸಬಹುದು. ವಿಂಡೋಸ್ ಕೈಗೆ ಒಗ್ಗಿದವರಿಗೆ ಅದು ಹಿತ. ಲಿನಕ್ಸ್, ಅದರಲ್ಲೂ ಮೇನ್‌ಫ್ರೇಮ್ ಮೇಲೇ ಓಡುವ ಲಿನಕ್ಸ್ ಇರುವವರಿಗೆ ಐಬಿಎಂದೇ ಸಹಜ ಆಯ್ಕೆ. ಹೋಸ್ಟ್ ಕಡೆ ಮಾತಾಡಲು ಒಬ್ಬರೂ ಇಲ್ಲದ ತಂಡಕ್ಕೆ ಎರಡರಲ್ಲಿ ಯಾವುದನ್ನೂ ಶಿಫಾರಸು ಮಾಡಲಾಗದು.

ಬದಲಾವಣೆಯ ಸಮಯದ ಲೆಕ್ಕ ಒಂದಿದೆ. ಎಲ್‌ಯು ಹೆಸರೋ ಅಲಿಯಾಸೋ ಬದಲಾಗಬೇಕಾದರೆ ಓಡುತ್ತಿರುವಾಗ ತಿದ್ದಲಾಗದು. ಸೆಷನ್ ಇಳಿಸಿ, ಅಳಿಸಿ, ಮತ್ತೆ ಬರೆಯಬೇಕು. ನ್ಯೂಯಾರ್ಕಿನವರು ಶನಿವಾರ ರಾತ್ರಿ 11ಕ್ಕೆ ಅಂದರೆ ಅವರ ಬೇಸಿಗೆಯಲ್ಲಿ ನಮಗೆ ಭಾನುವಾರ ಬೆಳಿಗ್ಗೆ 8.30, ಚಳಿಗಾಲದಲ್ಲಿ 9.30. ಅದಕ್ಕೂ ಮುಂಚೆ ಶುಕ್ರವಾರವೇ ಐದು ವಿವರ ಬರಹದಲ್ಲಿ ತರಿಸಿಕೊಳ್ಳಿ: ಜಾಲದ ಹೆಸರು, ಸಿಐಸಿಎಸ್‌ನ ಎಲ್‌ಯು ಹೆಸರು, ಅವರ ನೆಟ್‌ನೇಮ್‌ನಲ್ಲಿ ಇರುವ ನಮ್ಮ ಹೆಸರು, ಮೋಡ್, ಮ್ಯಾಕ್ಸಿಮಮ್‌ನ ಎರಡೂ ಸಂಖ್ಯೆ. ಫೋನಿನಲ್ಲಿ ಬರೆದುಕೊಳ್ಳಬೇಡಿ. ಸೊನ್ನೆಯನ್ನು 'ಓ' ಅಂತ ಓದುವ ಅಭ್ಯಾಸ ಆ ಕಡೆಯವರಿಗೆ ಜಾಸ್ತಿ.