ಒಂದೇ ಹೂರಣ, ನಾಲ್ಕು ಹಿಟ್ಟು: ಒಂದು ತುತ್ತಿನ ಬಾದಾಮಿ ಪೇಸ್ಟ್ರಿಗೆ ಯಾವುದು ಒಗ್ಗುತ್ತದೆ?

ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಹಿಟ್ಟಿನಿಂದ ಬಾದಾಮಿ ಪೇಸ್ಟ್ರಿ ಮಾಡಹೊರಟವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಪಫ್ ಪೇಸ್ಟ್ರಿಯ ಹಾಳೆಗೆ. ಅಂಗೈ ಅಗಲದ ಪೇಸ್ಟ್ರಿಗೆ ಆ ಆಯ್ಕೆಯ ಬಗ್ಗೆ ತಕರಾರಿಲ್ಲ. ಆದರೆ ಒಂದೇ ತುತ್ತಿಗೆ ಮುಗಿಯುವ ಗಾತ್ರಕ್ಕೆ ಇಳಿದಾಗ ಲೆಕ್ಕ ಬದಲಾಗುತ್ತದೆ. 8 ಸೆಂ.ಮೀ. ಚೌಕದ ತುಂಡಿನ ವಿಸ್ತೀರ್ಣ 64 ಚದರ ಸೆಂ.ಮೀ., ಅದರ ಅಂಚುಗಳ ಒಟ್ಟು ಉದ್ದ 32 ಸೆಂ.ಮೀ.; 4 ಸೆಂ.ಮೀ. ಚೌಕಕ್ಕೆ ವಿಸ್ತೀರ್ಣವೂ 16, ಅಂಚೂ 16. ಅಂದರೆ ತುಂಡು ಚಿಕ್ಕದಾದಂತೆ ಅದರ ಮೈಗಿಂತ ಅಂಚಿನ ಪಾಲು ಹೆಚ್ಚುತ್ತದೆ. ಮೊದಲು ಕಂದುವುದೂ ಅಂಚೇ, ಹೂರಣ ಹೊರಗೆ ಹರಿಯುವುದೂ ಅಂಚಿನಿಂದಲೇ ಆದ್ದರಿಂದ, ದೊಡ್ಡದರಲ್ಲಿ ಗೆದ್ದ ಹಿಟ್ಟು ಚಿಕ್ಕದರಲ್ಲಿಯೂ ಗೆಲ್ಲುತ್ತದೆ ಎನ್ನುವಂತಿಲ್ಲ. ಇದನ್ನು ಪರೀಕ್ಷಿಸಲು ಒಂದೇ ಹೂರಣವನ್ನು ನಾಲ್ಕು ಬಗೆಯ ಸಿದ್ಧ ಹಿಟ್ಟಿನಲ್ಲಿಟ್ಟು, ಒಂದೇ ಓವನ್‌ನಲ್ಲಿ ಬೇಯಿಸಿ ನೋಡಿದೆ.

ಹೂರಣದ ಬಗ್ಗೆ ಮೊದಲು ಹೇಳಬೇಕು, ಏಕೆಂದರೆ ಅರ್ಧ ಫಲಿತಾಂಶ ಅಲ್ಲಿಯೇ ನಿರ್ಧಾರವಾಗುತ್ತದೆ. ಫ್ರೆಂಚ್ ಪದ್ಧತಿಯ ಬಾದಾಮಿ ಕ್ರೀಮಿನಲ್ಲಿ ಬಾದಾಮಿ ಪುಡಿ, ಸಕ್ಕರೆ, ಬೆಣ್ಣೆ, ಮೊಟ್ಟೆ ನಾಲ್ಕೂ ಸಮತೂಕದಲ್ಲಿರುತ್ತವೆ. ಮೇಲ್ಭಾಗ ತೆರೆದಿರುವ, ಹೂರಣ ತುಂಬಿದ ಅಗಲವಾದ ಟಾರ್ಟ್‌ಗೆ ಅದು ಚೆನ್ನ; ಚಿಕ್ಕ ತುಂಡಿನಲ್ಲಿ ಬೇಗ ಕರಗಿ ಹರಿದುಹೋಗುತ್ತದೆ. ಆದ್ದರಿಂದ 100 ಗ್ರಾಂ ಬಾದಾಮಿ ಪುಡಿಗೆ 80 ಗ್ರಾಂ ಸಕ್ಕರೆ, 60 ಗ್ರಾಂ ಬೆಣ್ಣೆ, ಒಂದು ಮೊಟ್ಟೆ, ಒಂದು ದೊಡ್ಡ ಚಮಚ ಮೈದಾ ಮತ್ತು ಚಿಟಿಕೆ ಉಪ್ಪು ಸೇರಿಸಿ, ಕಲಸಿದ ಮೇಲೆ ಫ್ರಿಜ್‌ನಲ್ಲಿಟ್ಟು ಗಟ್ಟಿಮಾಡಿಕೊಂಡೆ. ಬಾದಾಮಿಯನ್ನು ಮನೆಯಲ್ಲೇ ಪುಡಿ ಮಾಡುವವರು ಸಕ್ಕರೆಯ ಒಂದು ಪಾಲನ್ನು ಅದರೊಂದಿಗೇ ಹಾಕಿ, ಬಿಟ್ಟುಬಿಟ್ಟು ತಿರುಗಿಸುವುದು ಒಳ್ಳೆಯದು. ಬಾದಾಮಿಯ ತೂಕದಲ್ಲಿ ಸುಮಾರು ಅರ್ಧದಷ್ಟು ಕೊಬ್ಬೇ ಇರುವುದರಿಂದ ಮಿಕ್ಸಿ ಒಂದೇ ಸಮನೆ ತಿರುಗಿದರೆ ಎಣ್ಣೆ ಬಿಟ್ಟು ಪುಡಿ ಹೋಗಿ ಪೇಸ್ಟ್ ಆಗುತ್ತದೆ. ಬಾದಾಮಿ ಎಸೆನ್ಸ್ ಬಳಸುವುದಾದರೆ ಎರಡು ಹನಿ ಸಾಕು. ಮೂರನೆಯ ಹನಿಗೆ ಹೂರಣ ಔಷಧದ ವಾಸನೆ ಹಿಡಿಯುತ್ತದೆಂಬುದು ನನ್ನ ನಾಲಿಗೆಯ ತೀರ್ಪು.

ಈಗ ಪಫ್ ಪೇಸ್ಟ್ರಿ. ಇದರ ಉಬ್ಬಿಗೆ ಹುದುಗಾಗಲಿ ಸೋಡಾ ಆಗಲಿ ಕಾರಣವಲ್ಲ. ಹಿಟ್ಟಿನ ನಡುವೆ ಬೆಣ್ಣೆಯನ್ನಿಟ್ಟು ಮತ್ತೆ ಮತ್ತೆ ಮೂರು ಮಡಿಕೆಯಾಗಿ ಮಡಚಿ ಲಟ್ಟಿಸಿದಾಗ, ಆರು ಸುತ್ತಿಗೆ ಬೆಣ್ಣೆಯ ಪದರಗಳು 729 ಆಗುತ್ತವೆ. ಓವನ್‌ನಲ್ಲಿ ನೀರು ಆವಿಯಾಗಿ ಹಿಟ್ಟಿನ ಪದರಗಳನ್ನು ಒಂದರಿಂದೊಂದು ಮೇಲೆತ್ತುತ್ತದೆ, ಕರಗಿದ ಬೆಣ್ಣೆ ಅವು ಮತ್ತೆ ಅಂಟಿಕೊಳ್ಳದಂತೆ ತಡೆಯುತ್ತದೆ. ಈ ಏರಿಕೆಯೇ ಒಂದು ತುತ್ತಿನ ಗಾತ್ರದಲ್ಲಿ ತೊಡಕು ತರುತ್ತದೆ. 4 ಸೆಂ.ಮೀ. ಚೌಕದ ಮೇಲೆ ಒಂದು ಚಮಚ ಹೂರಣವಿಟ್ಟು ಬೇಯಿಸಿದಾಗ ಸುತ್ತಲಿನ ಅಂಚು ನೆಟ್ಟಗೆ ಏರಿ, ಹೂರಣದ ಭಾರಕ್ಕೆ ಸಿಕ್ಕಿದ ನಡುಭಾಗ ಕೆಳಗೇ ಉಳಿಯುತ್ತದೆ. ಇಲ್ಲವೇ ಒಂದು ಪಕ್ಕ ಮಾತ್ರ ಎದ್ದು, ಹೂರಣ ಇನ್ನೊಂದು ಪಕ್ಕಕ್ಕೆ ಜಾರಿ ಟ್ರೇ ಮೇಲೆ ಕರಕಲಾಗುತ್ತದೆ. ಮುರಿದು ನೋಡಿದರೆ ಹೊರಗಿನ ಪದರಗಳು ಗಾಜಿನಂತೆ ಪುಡಿಯಾಗುತ್ತವೆ, ಆದರೆ ಹೂರಣದ ಅಡಿಯಲ್ಲಿ ಬೂದುಬಣ್ಣದ, ಹಸಿ ಹಿಟ್ಟಿನ ವಾಸನೆಯ ಒಂದು ಗೆರೆ ಉಳಿದಿರುತ್ತದೆ.

ಇದಕ್ಕೆ ಪರಿಹಾರವಿಲ್ಲದಿಲ್ಲ. ಹಾಳೆಯನ್ನು 2 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ಹೂರಣ ಕೂರುವ ಜಾಗವನ್ನಷ್ಟೇ ಫೋರ್ಕ್‌ನಿಂದ ಚುಚ್ಚಿದರೆ ನಡುಭಾಗದ ಆವಿಗೆ ದಾರಿಯಾಗಿ ಏರಿಕೆ ಹತೋಟಿಗೆ ಬರುತ್ತದೆ. ಚಾಕು ಹರಿತವಾಗಿರಬೇಕು, ಎಳೆದು ಕತ್ತರಿಸದೆ ಮೇಲಿನಿಂದ ಒತ್ತಿ ಕತ್ತರಿಸಬೇಕು. ಹೊಳಪಿಗೆ ಸವರುವ ಮೊಟ್ಟೆ ಕತ್ತರಿಸಿದ ಅಂಚಿಗೆ ಇಳಿದರೆ ಪದರಗಳು ಅಂಟಿ ಆ ಬದಿ ಏಳುವುದೇ ಇಲ್ಲ. ಇವೆಲ್ಲವನ್ನೂ ಪಾಲಿಸಿದ ಮೇಲೂ ನನಗೆ ಹೆಚ್ಚು ಹಿಡಿಸಿದ್ದು ಚೌಕವಲ್ಲ, ಸುರುಳಿ. ಹಾಳೆಯ ಮೇಲೆ ಹೂರಣವನ್ನು ತೆಳ್ಳಗೆ ಬಳಿದು, ಬಿಗಿಯಾಗಿ ಸುತ್ತಿ, ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು, ಒಂದೂವರೆ ಸೆಂ.ಮೀ. ದಪ್ಪದ ಬಿಲ್ಲೆಗಳಾಗಿ ಕತ್ತರಿಸಿ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿದರೆ ಪದರಗಳು ಮೇಲಕ್ಕಲ್ಲ, ಪಕ್ಕಕ್ಕೆ ಅರಳುತ್ತವೆ. ಹೂರಣಕ್ಕೆ ಜಾರಲು ಎಡೆಯಿರುವುದಿಲ್ಲ. ಪ್ರತಿ ಕಡಿತಕ್ಕೂ ಹಿಟ್ಟು ಮತ್ತು ಬಾದಾಮಿ ಒಟ್ಟಿಗೆ ಸಿಗುತ್ತವೆ.

ಪಫ್‌ನಲ್ಲಿಯೇ ಎರಡು ಜಾತಿ ಇರುವುದನ್ನೂ ಗಮನಿಸಬೇಕು. ಕೆಲವು ಹಾಳೆಗಳಲ್ಲಿ ಅಪ್ಪಟ ಬೆಣ್ಣೆ, ಹಲವದರಲ್ಲಿ ಸಸ್ಯಜನ್ಯ ಕೊಬ್ಬು. ಸಸ್ಯಜನ್ಯ ಕೊಬ್ಬಿನದು ಬೇಗ ಕರಗದ ಕಾರಣ ಲಟ್ಟಿಸಲು ಸುಲಭ, ಏರುವುದೂ ಚೆನ್ನಾಗಿಯೇ. ಆದರೆ ಆರಿದ ಮೇಲೆ ಅಂಗುಳಕ್ಕೆ ಮೇಣದಂಥ ಲೇಪ ಹಿಡಿಯುತ್ತದೆ, ಬಾದಾಮಿಯ ನವಿರಾದ ರುಚಿ ಅದರ ಕೆಳಗೆ ಮುಚ್ಚಿಹೋಗುತ್ತದೆ. ಬೇರೆ ಹೂರಣಗಳಲ್ಲಿ ನಾನು ಇದಕ್ಕೆ ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲ, ಬಾದಾಮಿಗೆ ಮಾತ್ರ ಬೆಣ್ಣೆಯ ಹಾಳೆಯೇ ಆಗಬೇಕು.

ಫಿಲೋ ಇದಕ್ಕೆ ಸಂಪೂರ್ಣ ವಿರುದ್ಧ ಸ್ವಭಾವದ್ದು. ಕಾಗದದಷ್ಟು ತೆಳುವಾದ ಈ ಹಾಳೆಗಳಲ್ಲಿ ಕೊಬ್ಬು ಬಹಳ ಕಡಿಮೆ. ಕರಗಿಸಿದ ಬೆಣ್ಣೆಯನ್ನು ನಾವೇ ಹಾಳೆಹಾಳೆಗೂ ಸವರಬೇಕು. ಎಷ್ಟು ಬೆಣ್ಣೆ, ಎಷ್ಟು ಪದರ ಎಂಬ ಹಿಡಿತ ನಮ್ಮ ಕೈಯಲ್ಲಿರುವುದೇ ಇದರ ದೊಡ್ಡ ಲಾಭ. ಪೊಟ್ಟಣ ಬಿಚ್ಚಿದ ಕೆಲವೇ ನಿಮಿಷಗಳಲ್ಲಿ ಹಾಳೆಗಳು ಒಣಗಿ ಸಿಡಿಯತೊಡಗುವುದರಿಂದ, ಮೇಲೆ ಹಿಂಡಿದ ಒದ್ದೆ ಬಟ್ಟೆ ಹೊದಿಸಿಟ್ಟೇ ಕೆಲಸ ಮಾಡಬೇಕು. ಮೂರು ಪದರಗಳನ್ನು ಕೂಡಿಸಿ ಚಿಕ್ಕ ಮಫಿನ್ ಅಚ್ಚಿನಲ್ಲಿ ಬಟ್ಟಲಿನಂತೆ ಕೂರಿಸುವ ಕ್ರಮ ನೋಡಲು ಬಹಳ ಚೆಂದ. ತಿನ್ನಲು ಅಷ್ಟೇನಲ್ಲ: ಮೇಲಕ್ಕೆ ಚಾಚಿದ ಮೂಲೆಗಳು ಹೂರಣ ಗಟ್ಟಿಯಾಗುವ ಮೊದಲೇ ಕಪ್ಪಾಗುತ್ತವೆ. ಅದರ ಬದಲು 5 ಸೆಂ.ಮೀ. ಅಗಲದ ಪಟ್ಟಿಯ ತುದಿಯಲ್ಲಿ ಬೆರಳಿನಷ್ಟು ಹೂರಣವಿಟ್ಟು, ಬದಿಗಳನ್ನು ಒಳಗೆ ಮಡಚಿ, ಸಿಗಾರಿನಂತೆ ಸುತ್ತಿ 180 ಡಿಗ್ರಿಯಲ್ಲಿ ಹೊಂಬಣ್ಣ ಬರುವವರೆಗೆ ಬೇಯಿಸಿದರೆ, ಒಳಗೆ ಮೃದು, ಹೊರಗೆ ಗರಿಗರಿ ಎನ್ನುವ ಮಾತಿಗೆ ಈ ನಾಲ್ಕರಲ್ಲಿ ಇದಕ್ಕಿಂತ ಹತ್ತಿರ ಬಂದದ್ದು ಇನ್ನೊಂದಿಲ್ಲ. ಸುತ್ತುವಾಗ ತುಸು ಸಡಿಲ ಬಿಡಬೇಕು; ಹೂರಣ ಉಬ್ಬುತ್ತದೆ, ಬಿಗಿಯಾದ ಸುರುಳಿ ಬಿರಿಯುತ್ತದೆ. ಶ್ರಮ ಮಾತ್ರ ಹೆಚ್ಚು. ಪಫ್ ಸುರುಳಿಯ ಒಂದು ಟ್ರೇ ಓವನ್‌ಗೆ ಹೋಗುವ ಹೊತ್ತಿಗೆ ಫಿಲೋದ ಅರ್ಧ ಟ್ರೇ ಕೂಡ ತುಂಬಿರುವುದಿಲ್ಲ.

ಸಿಹಿ ಶಾರ್ಟ್‌ಕ್ರಸ್ಟ್‌ನ ಸಿದ್ಧ ಹಿಟ್ಟಿನಿಂದ ನಾನು ಹೆಚ್ಚೇನೂ ನಿರೀಕ್ಷಿಸಿರಲಿಲ್ಲ. ಇದು ಏರುವುದಿಲ್ಲ, ಅರಳುವುದಿಲ್ಲ. ಕೊಬ್ಬು ಹಿಟ್ಟಿನ ಕಣಗಳನ್ನು ಆವರಿಸಿ ಹಿಟ್ಟಿಗೆ ಜಿಗುಟು ಕೊಡುವ ಗ್ಲುಟನ್ ಬೆಳೆಯದಂತೆ ತಡೆಯುವುದರಿಂದ ಬಿಸ್ಕತ್ತಿನಂತೆ ಪುಡಿಯಾಗುವುದಷ್ಟೇ ಇದರ ಗುಣ. ಒಂದು ತುತ್ತಿನ ಗಾತ್ರಕ್ಕೆ ಬೇಕಾದದ್ದು ಈ ಸ್ಥಿರತೆಯೇ ಎಂಬುದು ಬೇಯಿಸಿದ ಮೇಲೆ ತಿಳಿಯುತ್ತದೆ. ಚಿಕ್ಕ ಅಚ್ಚಿಗೆ ಒತ್ತಿ, ಕುಗ್ಗದಿರಲೆಂದು ಅರ್ಧ ಗಂಟೆ ಫ್ರಿಜ್‌ನಲ್ಲಿ ತಣಿಸಿ, ಮುಕ್ಕಾಲು ಮಟ್ಟಕ್ಕೆ ಹೂರಣ ತುಂಬಿದರೆ ಒಂದು ಹನಿಯೂ ಹೊರಗೆ ಹರಿಯುವುದಿಲ್ಲ. ದೊಡ್ಡ ಟಾರ್ಟ್‌ಗೆ ತಳವನ್ನು ಮೊದಲೇ ಖಾಲಿ ಬೇಯಿಸಿಕೊಳ್ಳುವ ರೂಢಿಯುಂಟು. ಈ ಗಾತ್ರದಲ್ಲಿ 175 ಡಿಗ್ರಿಗೆ ತಳವೂ ಹೂರಣವೂ ಸುಮಾರು 20 ನಿಮಿಷಕ್ಕೆ ಒಟ್ಟಿಗೇ ಬೇಯುವುದರಿಂದ ಆ ಕೆಲಸ ಉಳಿಯುತ್ತದೆ. ಹಿಟ್ಟಿನಲ್ಲಿಯೇ ಸಕ್ಕರೆ ಇರುವುದರಿಂದ ಹೂರಣದ ಸಕ್ಕರೆಯನ್ನು 60 ಗ್ರಾಂಗೆ ಇಳಿಸಬೇಕು. ಇಳಿಸದಿದ್ದರೆ ಎರಡನೆಯದನ್ನು ತಿನ್ನಲು ಮನಸ್ಸಾಗುವುದಿಲ್ಲ.

ಡಬ್ಬಿಯಲ್ಲಿ ಒತ್ತಿ ತುಂಬಿಸಿ ಮಾರುವ ಕ್ರೆಸೆಂಟ್ ರೋಲ್ ಹಿಟ್ಟಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಲಟ್ಟಣಿಗೆ ಬೇಡ, ಕರಗುವವರೆಗೆ ಕಾಯಬೇಕಾಗಿಲ್ಲ, ಮಕ್ಕಳೂ ಮಡಚಬಹುದು. ಬೆಂದ ಮೇಲೆ ಸಿಗುವುದು ಮಾತ್ರ ಬಾದಾಮಿ ತುಂಬಿದ ಮೆತ್ತನೆಯ ಬನ್ನು. ಅದು ಪೇಸ್ಟ್ರಿಯಲ್ಲ.

ರುಚಿಯ ಲೆಕ್ಕ ಇಷ್ಟಾದರೆ, ಸಮಯದ ಲೆಕ್ಕ ಬೇರೆಯೇ ಇದೆ, ಮತ್ತು ನನ್ನ ಮಟ್ಟಿಗೆ ಆಯ್ಕೆಯನ್ನು ನಿರ್ಧರಿಸುವುದು ಅದೇ. ಪಫ್ ಸುರುಳಿ ಓವನ್‌ನಿಂದ ಇಳಿದ ಮೊದಲ ಗಂಟೆಯಲ್ಲಿ ಎಲ್ಲವನ್ನೂ ಮೀರಿಸುತ್ತದೆ; ಸಂಜೆಯ ಹೊತ್ತಿಗೆ ಹೂರಣದ ತೇವ ಕುಡಿದು ಮೆತ್ತಗಾಗಿರುತ್ತದೆ. 160 ಡಿಗ್ರಿಯಲ್ಲಿ ಐದು ನಿಮಿಷ ಬಿಸಿ ಮಾಡಿದರೆ ಗರಿ ಮರಳುತ್ತದೆ, ಮೈಕ್ರೋವೇವ್‌ಗೆ ಹಾಕಿದರೆ ಇದ್ದದ್ದೂ ಹೋಗುತ್ತದೆ. ಫಿಲೋದ ಸಿಗಾರು ಅದಕ್ಕಿಂತ ಹೆಚ್ಚು ಹೊತ್ತು ತಾಳುತ್ತದೆ, ಆದರೆ ಬಿಸಿಯಿರುವಾಗ ಡಬ್ಬಿಗೆ ಹಾಕಿ ಮುಚ್ಚಿದರೆ ಅದರದೇ ಆವಿಗೆ ಸೊರಗುತ್ತದೆ. ಶಾರ್ಟ್‌ಕ್ರಸ್ಟ್‌ನದು ಮರುದಿನವೇ ಹೆಚ್ಚು ರುಚಿ. ಹೂರಣ ನೆಲೆಗೊಂಡು ಬಾದಾಮಿಯ ವಾಸನೆ ಮೊದಲ ದಿನಕ್ಕಿಂತ ಸ್ಪಷ್ಟವಾಗಿರುತ್ತದೆ. ಅತಿಥಿಗಳು ಬಾಗಿಲಲ್ಲಿರುವಾಗ ಬಿಸಿಬಿಸಿ ಕೊಡಲು ನಾನು ಪಫ್ ಸುರುಳಿಯನ್ನೇ ಆರಿಸುತ್ತೇನೆ. ಹಿಂದಿನ ದಿನ ಮಾಡಿಟ್ಟು ಎಲ್ಲಿಗಾದರೂ ಒಯ್ಯುವುದಿದ್ದರೆ ಶಾರ್ಟ್‌ಕ್ರಸ್ಟ್ ಬಿಟ್ಟು ಬೇರೊಂದನ್ನು ಯೋಚಿಸುವುದಿಲ್ಲ. ಫಿಲೋ, ಜೊತೆಗೆ ಕುಳಿತು ಸುತ್ತಲು ಇನ್ನೊಬ್ಬರಿದ್ದಾಗ.

ಪಫ್ ಆಯ್ದುಕೊಂಡವರಿಗೆ ಒಂದು ಅನುಕೂಲ ಹೆಚ್ಚಿದೆ. ಕತ್ತರಿಸಿದ ಬಿಲ್ಲೆಗಳನ್ನು ಬೇಯಿಸದೆ ಟ್ರೇ ಮೇಲೆ ಬಿಡಿಬಿಡಿಯಾಗಿಟ್ಟು ಹೆಪ್ಪುಗಟ್ಟಿಸಿ, ಆಮೇಲೆ ಒಂದೇ ಚೀಲಕ್ಕೆ ತುಂಬಿ ಫ್ರೀಜರ್‌ನಲ್ಲಿಡಬಹುದು. ಬೇಕಾದಾಗ ಕರಗಿಸದೆ ನೇರವಾಗಿ ಕಾದ ಓವನ್‌ಗೆ ಹಾಕಿ ನಾಲ್ಕೈದು ನಿಮಿಷ ಹೆಚ್ಚು ಬೇಯಿಸಿದರಾಯಿತು. ಆದರೆ ಇದಕ್ಕಾಗಿ ಕೊಂಡ ಹಾಳೆ ಅಂಗಡಿಯ ಫ್ರೀಜರ್‌ನದ್ದಲ್ಲದೆ, ಫ್ರಿಜ್‌ನಲ್ಲಿ ಬರೀ ತಣ್ಣಗಿಟ್ಟದ್ದಾಗಿದ್ದರೆ ಒಳ್ಳೆಯದು. ಹೆಪ್ಪುಗಟ್ಟಿದ ಹಾಳೆಯನ್ನು ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದಾಗ ಪದರಗಳ ಏರಿಕೆ ತಗ್ಗುತ್ತದೆ. ಅಂಥ ಹಾಳೆಯನ್ನು ಅಂದೇ ಬೇಯಿಸಿ ಮುಗಿಸುವುದೇ ಸರಿ.