ಫೋಮ್ ಎಲ್ಕ್ ಟಾರ್ಗೆಟ್ ತಗೊಳ್ಳುವವರಿಗೆ: ಆ ವೃತ್ತವನ್ನು ನಂಬಬೇಡಿ

ಎರಡು ಸೀಸನ್ ಪೂರ್ತಿ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನಾನಿರುವುದು ಅಮೆರಿಕದ ಕೊಲರಾಡೋದಲ್ಲಿ. ಊರು ಸಕಲೇಶಪುರದ ಕಡೆ. ಬಿಲ್ಲಿನಲ್ಲಿ ಎಲ್ಕ್ (ನಮ್ಮ ಕಡವೆಯಂಥ ದೊಡ್ಡ ಜಿಂಕೆ) ಬೇಟೆ ಆಡುವವರು ಅಭ್ಯಾಸಕ್ಕೆ ಹಿತ್ತಲಲ್ಲಿ ನಿಲ್ಲಿಸುವ ಫೋಮ್ ಎಲ್ಕ್ ಇದೆಯಲ್ಲ, ಅದನ್ನು ನಾವು ಮೂವರು ಸ್ನೇಹಿತರು ದುಡ್ಡು ಸೇರಿಸಿ ತಗೊಂಡೆವು. ಕಂಪನಿಯ ಹೆಸರು ಹಾಕುತ್ತಿಲ್ಲ. ನನ್ನ ದೂರು ಒಂದು ಕಂಪನಿಯ ಮೇಲಲ್ಲ, ಇಲ್ಲಿಗೆ ಹೊಡೆಯಿರಿ ಅಂತ ಪಕ್ಕೆಯ ಮೇಲೆ ವೃತ್ತ ಬರೆದು ಮಾರುವ ಇಂಥ ಎಲ್ಲ ಟಾರ್ಗೆಟ್‌ಗಳ ಮೇಲೆ.

ಊರಲ್ಲಿ ಓದುವವರಿಗೆ ಮೊದಲೇ ಒಂದು ಮಾತು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಶಿಕಾರಿ ಕಾನೂನುಬಾಹಿರ, ಅದು ಸರಿಯಾದದ್ದೇ. ಇಲ್ಲಿ ಲೆಕ್ಕ ಬೇರೆ. ಅಮೆರಿಕದಲ್ಲಿ ಅತಿ ಹೆಚ್ಚು ಎಲ್ಕ್ ಇರುವುದು ಕೊಲರಾಡೋದಲ್ಲೇ. ಲೈಸೆನ್ಸ್ ಬೇಕು, ಬಿಲ್ಲಿನ ಸೀಸನ್ ಸೆಪ್ಟೆಂಬರ್‌ನಲ್ಲಿ, 1949ರ ಜನವರಿ 1ರಿಂದ ಈಚೆಗೆ ಹುಟ್ಟಿದವರೆಲ್ಲ ಹಂಟರ್ ಎಜುಕೇಶನ್ ಕೋರ್ಸ್ ಪಾಸಾಗಿರಬೇಕು. ತಿನ್ನುವ ಮಾಂಸವನ್ನು ಕಾಡಲ್ಲೇ ಬಿಟ್ಟು ಬಂದರೆ ಅಪರಾಧ. ಗಾಯ ಮಾಡಿದ ಪ್ರಾಣಿಯನ್ನು ಹುಡುಕದೆ ಬಂದರೂ ಅಪರಾಧ.

ನಾನು ಹುಡುಕಿದ್ದೆ. ಮೂರು ವರ್ಷದ ಹಿಂದೆ, 35 ಗಜ ದೂರದಲ್ಲಿ ಒಂದು ಗಂಡು ಎಲ್ಕ್, ಎದೆ ಸ್ವಲ್ಪ ನನ್ನ ಕಡೆಗೇ ತಿರುಗಿತ್ತು. ಹಾಗೆ ನಿಂತಾಗ ಬಾಣ ಬಿಡಬೇಡಿ ಅಂತ ಕೋರ್ಸ್‌ನಲ್ಲಿ ಹೇಳಿಕೊಟ್ಟಿದ್ದರು. ಗೊತ್ತಿದ್ದೂ ಬಿಟ್ಟೆ. ಹಲಗೆಗೆ ಕಲ್ಲು ಬಡಿದ ಹಾಗೆ ಸದ್ದು ಬಂತು, ಹೆಗಲ ಮೂಳೆ. ಮೊದಲ ಇನ್ನೂರು ಗಜ ಆಸ್ಪೆನ್ ಎಲೆಗಳ ಮೇಲೆ ಅಲ್ಲೊಂದು ಇಲ್ಲೊಂದು ಹನಿ ರಕ್ತ ಇತ್ತು, ಆಮೇಲೆ ಏನೂ ಇಲ್ಲ. ಎರಡು ದಿನ ಮಂಡಿಯೂರಿ ನೆಲ ನೋಡಿದೆವು. ಸಿಗಲಿಲ್ಲ. ಬದುಕಿತೋ, ನರಳಿ ಸತ್ತಿತೋ ಇವತ್ತಿಗೂ ಗೊತ್ತಿಲ್ಲ. ಮುಂದಿನ ವರ್ಷ ಬಿಲ್ಲು ಮುಟ್ಟಲಿಲ್ಲ. ಮತ್ತೆ ಹಿಡಿಯುವುದಾದರೆ ಎಲ್ಲಿ ಹೊಡೆಯಬೇಕು ಅನ್ನುವುದನ್ನು ಮೊದಲಿನಿಂದ ಕಲಿಯಬೇಕು ಅಂತ ಈ ಟಾರ್ಗೆಟ್ ತಗೊಂಡದ್ದು.

ಸಾಮಾನು ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ನಿಜವಾದ ಗಂಡು ಎಲ್ಕ್ 300 ಕಿಲೋ ದಾಟುತ್ತದೆ, ಊರಲ್ಲಿ ದೊಡ್ಡ ಕಡವೆ ನೋಡಿದವರಿಗೆ ಅಂದಾಜು ಸಿಗುತ್ತದೆ. ಇದು ಅದಕ್ಕಿಂತ ಸ್ವಲ್ಪ ಚಿಕ್ಕದು, ಆದರೂ ಮುಸ್ಸಂಜೆ ಹಿತ್ತಲಲ್ಲಿ ನೋಡಿದರೆ ಒಂದು ಕ್ಷಣ ಎದೆ ಝಲ್ ಅನ್ನುತ್ತದೆ. ಹೆದೆ ಎಳೆಯಲು 60 ಪೌಂಡ್ ಬಲ ಬೇಕಾಗುವ ಬಿಲ್ಲಿನ ಬಾಣವನ್ನು ಆರಾಮಾಗಿ ಹಿಡಿಯುತ್ತದೆ. ಎದೆಯ ಭಾಗದ ಫೋಮ್ ದಿಮ್ಮಿಯನ್ನು ಬಿಚ್ಚಿ ಹೊಸದು ಹಾಕಬಹುದು, ನಮ್ಮದು ಒಂದೂವರೆ ವರ್ಷಕ್ಕೆ ಸವೆಯಿತು. ಚಳಿಗಾಲದಲ್ಲಿ ಫೋಮ್ ಗಟ್ಟಿಯಾಗಿ ಬಾಣ ಕೀಳಲು ತುಂಬಾ ಕಷ್ಟ, ರಬ್ಬರ್ ಹಿಡಿಕೆ ಇಲ್ಲದೆ ಆಗುವುದಿಲ್ಲ. ಬ್ರಾಡ್‌ಹೆಡ್ (ಬೇಟೆಗೆ ಬಳಸುವ ಹರಿತ ಅಲಗಿನ ಬಾಣದ ಮೊನೆ) ಹೊಡೆದರೆ ಫೋಮ್ ಸೀಳಿಹೋಗುತ್ತದೆ, ಅದಕ್ಕೆ ಬೇರೆ ಟಾರ್ಗೆಟ್ ಇಟ್ಟುಕೊಳ್ಳಿ.

ಈಗ ವೃತ್ತದ ವಿಷಯ. ಪಕ್ಕೆಯ ಮೇಲೆ, ಮುಂಗಾಲಿನ ಸ್ವಲ್ಪ ಹಿಂದೆ, ಒಂದರೊಳಗೊಂದು ವೃತ್ತ ಕೊರೆದಿದ್ದಾರೆ. ಪ್ರಾಣಿ ಪಕ್ಕೆಯನ್ನು ನೇರ ನಮ್ಮ ಕಡೆ ಮಾಡಿ ಪೂರ್ತಿ ಅಡ್ಡಕ್ಕೆ ನಿಂತಿದ್ದರೆ ಅದು ಸರಿಯೇ. ಕಾಡಲ್ಲಿ ಎಲ್ಕ್ ಹಾಗೆ ಎಷ್ಟು ಸಲ ನಿಲ್ಲುತ್ತದೆ ಹೇಳಿ?

ಒಂದು ಭಾನುವಾರ ಟಾರ್ಗೆಟ್‌ನ ಹಿಂಭಾಗ ನನ್ನ ಕಡೆ ಬರುವ ಹಾಗೆ ಸುಮಾರು 45 ಡಿಗ್ರಿ ತಿರುಗಿಸಿ ನಿಲ್ಲಿಸಿದೆ. 25 ಗಜದಿಂದ ವೃತ್ತದ ನಟ್ಟನಡುವೆ ಹೊಡೆದೆ. ಅಂಕದ ಲೆಕ್ಕದಲ್ಲಿ ಹತ್ತಕ್ಕೆ ಹತ್ತು. ಹತ್ತಿರ ಹೋಗಿ ಬಾಣದ ಗೆರೆಯಲ್ಲೇ ಒಂದು ಉದ್ದ ಕೋಲು ಹಿಡಿದು ನೋಡಿದೆ. ಆಚೆ ಬದಿಯಲ್ಲಿ ಅದು ಹೊರಗೆ ಬರುವುದು ಹೆಗಲಿಗಿಂತ ಮುಂದೆ, ಕುತ್ತಿಗೆಯ ಬುಡದಲ್ಲಿ! ಅಂದರೆ ಈಚೆ ಕಡೆಯ ಶ್ವಾಸಕೋಶದ ಮುಂದಿನ ಅಂಚಿಗೆ ತಾಗಿ ಹೊರಟುಹೋಯಿತು, ಆಚೆಯದನ್ನು ಮುಟ್ಟಲೇ ಇಲ್ಲ. ಒಂದೇ ಶ್ವಾಸಕೋಶ ತೂತಾದ ಎಲ್ಕ್ ಮೈಲಿಗಟ್ಟಲೆ ನಡೆದುಬಿಡಬಲ್ಲದು. ಟಾರ್ಗೆಟ್ ಮಾತ್ರ ಶಭಾಷ್ ಅನ್ನುತ್ತದೆ. ನನಗೆ ಬೇಜಾರಾದದ್ದು ಇದಕ್ಕೇ.

ಆಮೇಲೆ ಆಚೆ ಬದಿಯ ಮುಂಗಾಲಿಗೆ ಒಂದು ಕೆಂಪು ಬಟ್ಟೆ ಸುತ್ತಿದೆ. ಹೆದೆ ಎಳೆದಾಗ ಕಣ್ಣು ಆ ಕಾಲಿನ ಮೇಲಿರಬೇಕು, ಬಾಣ ಅಲ್ಲಿಗೆ ಹೋಗಬೇಕಾದರೆ ಈಚೆ ಎಲ್ಲಿ ಒಳಗೆ ಇಳಿಯಬೇಕೋ ಅಲ್ಲಿಗೆ ಹೊಡೆಯಬೇಕು. ಆ ಜಾಗ ವೃತ್ತಕ್ಕಿಂತ ಸುಮಾರು ಒಂದು ಗೇಣು ಹಿಂದೆ, ಪಕ್ಕೆಲುಬುಗಳ ಮೇಲೆ ಬಂತು. ಹಾಗೆ ಹೊಡೆದರೆ ಕೋಲು ಎರಡೂ ಶ್ವಾಸಕೋಶ ದಾಟಿ ಆಚೆ ಹೆಗಲ ಹತ್ತಿರ ಬರುತ್ತದೆ. ತುಂಬಾ ಓರೆಯಾಗಿ ನಿಂತಿದ್ದರೆ ಬಾಣ ಹೊಟ್ಟೆಯೊಳಗಿಂದಲೇ ಹಾದು ಹೋಗಬೇಕಾಗುತ್ತದೆ. ಆಗ ಬಾಣ ಬಿಡದೆ ಸುಮ್ನಿದ್ದುಬಿಡಬೇಕು.

ಮರುದಿನ ವೃತ್ತಕ್ಕೆ ಕಂದು ಬಣ್ಣ ಬಳಿದೆ.

ಕಳೆದ ಸೆಪ್ಟೆಂಬರ್‌ನಲ್ಲಿ ಸ್ನೇಹಿತನಿಗೆ ಒಂದು ಹೆಣ್ಣು ಎಲ್ಕ್ ಸಿಕ್ಕಿತು. 22 ಗಜ, ಪೂರ್ತಿ ಅಡ್ಡಕ್ಕೆ ನಿಂತಿತ್ತು. ಮುಂಗಾಲಿನ ಹಿಂಭಾಗದ ಗೆರೆ ಹಿಡಿದು ಮೇಲೆ ಹೋಗಿ, ಹೊಟ್ಟೆಯ ಕಡೆಯಿಂದ ಮೂರರಲ್ಲಿ ಒಂದು ಪಾಲು ಎತ್ತರದಲ್ಲಿ ಹೊಡೆದಿದ್ದ. ಅರ್ಧ ಗಂಟೆ ಕಾದು ಹೋದರೆ ಎಂಬತ್ತು ಹೆಜ್ಜೆಯೊಳಗೇ ಬಿದ್ದಿತ್ತು, ದಾರಿಯುದ್ದಕ್ಕೂ ನೊರೆನೊರೆಯಾದ ತಿಳಿಗೆಂಪು ರಕ್ತ. ಬಾಣದ ಕೆಲಸ ಗುಂಡಿನ ಹಾಗಲ್ಲ, ಅದು ಕೊಯ್ಯುತ್ತದೆ, ರಕ್ತ ಹೋಗಿ ಪ್ರಾಣಿ ಬೀಳುತ್ತದೆ. ಕೊಯ್ತ ಸರಿಯಾದ ಕಡೆ ಆದರೆ ಕೆಲವೇ ಸೆಕೆಂಡಿನ ಮಾತು. ಪಕ್ಕೆ ಬಿಡಿಸಿದಾಗ ನಾನು ಕೈಯಿಟ್ಟು ನೋಡಿದೆ. ಶ್ವಾಸಕೋಶ ಸ್ಪಂಜಿನ ಹಾಗೆ ಹಗುರ, ಎರಡರಲ್ಲೂ ಒಂದೊಂದು ಸೀಳು. ಗುಂಡಿಗೆ ನಾನು ಅಂದುಕೊಂಡದ್ದಕ್ಕಿಂತ ಕೆಳಗೆ, ಮುಂಗಾಲ ಮೊಣಕೈಯ ಹತ್ತಿರವೇ ಇತ್ತು. ಮನೆಗೆ ಬಂದು ನೋಡಿದ ಹಾಗೇ ಸೀಮೆಸುಣ್ಣದಲ್ಲಿ ಟಾರ್ಗೆಟ್‌ನ ಎರಡೂ ಬದಿಗೆ ಬರೆದೆ. ಕಂಪನಿಯವರು ಕೊರೆದದ್ದಕ್ಕಿಂತ ಈ ಸುಣ್ಣದ ಗೆರೆ ನನಗೆ ಜಾಸ್ತಿ ಕಲಿಸಿದೆ.

ಫೋಮ್ ಕಲಿಸಲಾಗದ್ದು ಒಂದಿದೆ. ಅದು ಕದಲುವುದಿಲ್ಲ. ನನ್ನ ಬಾಣ 40 ಗಜ ಹೋಗಲು ಹತ್ತಿರ ಅರ್ಧ ಸೆಕೆಂಡ್ ಬೇಕು. ಅಷ್ಟರಲ್ಲಿ ಎಲ್ಕ್ ಒಂದು ಹೆಜ್ಜೆ ಮುಂದಿಟ್ಟರೆ ಎದೆಗೆ ಬಿಟ್ಟ ಬಾಣ ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಬಿದ್ದರೆ ಪ್ರಾಣಿ ಗಂಟೆಗಟ್ಟಲೆ ನೋವು ತಿನ್ನುತ್ತದೆ, ಹಿಂದೆಯೇ ಹೋದರೆ ಎದ್ದು ಓಡುತ್ತದೆ, ಎಂಟು ಹತ್ತು ಗಂಟೆ ಕಾದರೆ ಸೆಪ್ಟೆಂಬರ್ ಬಿಸಿಲಿಗೆ ಮಾಂಸ ಕೆಡುತ್ತದೆ. ಹಿತ್ತಲಲ್ಲಿ 50 ಗಜಕ್ಕೂ ನನ್ನ ಗುರಿ ತಪ್ಪುವುದಿಲ್ಲ. ಕಾಡಲ್ಲಿ ನನ್ನ ಮಿತಿ 30, ಅದೂ ಪ್ರಾಣಿ ನಿಂತಿರಬೇಕು, ಗಾಬರಿಯಾಗಿರಬಾರದು.

ಹಾಗಾಗಿ ಈಗ ನಾವು ಅಭ್ಯಾಸ ಮಾಡುವ ರೀತಿಯೇ ಬೇರೆ. ನಾನು ಬೆನ್ನು ತಿರುಗಿಸಿ ನಿಲ್ಲುತ್ತೇನೆ, ಸ್ನೇಹಿತ ಟಾರ್ಗೆಟ್‌ಅನ್ನು ಹೇಗೆ ಬೇಕೋ ಹಾಗೆ ತಿರುಗಿಸುತ್ತಾನೆ, ಒಮ್ಮೊಮ್ಮೆ ಎದೆಯ ಮುಂದೆ ಒಂದು ಕೊಂಬೆ ನೆಡುತ್ತಾನೆ. ತಿರುಗಿ ನೋಡಿ ಮೂರು ಸೆಕೆಂಡಿನಲ್ಲಿ ‘ಬಿಡ್ತೀನಿ’ ಅಥವಾ ‘ಬೇಡ’ ಅನ್ನಬೇಕು. ಹತ್ತು ಸಲ ತಿರುಗಿಸಿದರೆ ಆರು ಸಲ ಬೇಡವೇ ಬರುತ್ತದೆ. ಸೀಸನ್‌ನ ಕೊನೆಯ ವಾರ 28 ಗಜದಲ್ಲಿ ಒಂದು ಗಂಡು ಎದುರಿಗೇ ಬಂದು ನಿಂತಿತು, ಹೆದೆ ಎಳೆದಿದ್ದೆ, ತೋಳು ನಡುಗಲು ಶುರುವಾಯಿತು. ಅದು ಪಕ್ಕಕ್ಕೆ ತಿರುಗಲಿಲ್ಲ. ಹೆದೆ ಇಳಿಸಿದೆ, ಅದು ಬಂದ ದಾರಿಯಲ್ಲೇ ಹೋಯಿತು. ಬರಿಗೈಲಿ ಮನೆಗೆ ಬಂದೆ, ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದೂವರೆ ಕಳೆದದ್ದು ಪೂರ್ತಿ ಆ ವೃತ್ತಕ್ಕೆ. ತಗೊಳ್ಳುವುದಾದರೆ ಇಬ್ಬರು ಮೂವರು ಸೇರಿ ತಗೊಳ್ಳಿ, ತಿರುಗಿಸಲು ಇನ್ನೊಬ್ಬರು ಬೇಕೇ ಬೇಕು. ಎದೆಯ ದಿಮ್ಮಿ ಬಿಡಿಯಾಗಿ ಸಿಗುತ್ತದೆಯೇ ಅಂತ ಮೊದಲೇ ಕೇಳಿಕೊಳ್ಳಿ. ಇಲ್ಲಿನ ಬೆಟ್ಟದ ಬಿಸಿಲಿಗೆ ಫೋಮ್ ಬಿರುಕು ಬಿಡುತ್ತದೆ, ಅಭ್ಯಾಸ ಮುಗಿದ ಮೇಲೆ ಟಾರ್ಪಾಲ್ ಹೊದಿಸಿಡಿ.